ಹಿತ್ತಿಲ ಒಲೆಯೂ ಗೋವೆಯ ಭಟ್ಟಿಯೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದ್ದಾರೆ. ನಮ್ಮ ಪುಣ್ಯಕ್ಕೆ ಮನೆಯನ್ನು ತೀರ್ಥರೂಪರೇ ಕಟ್ಟಿಟ್ಟು ಹೋದರು. ಮದುವೆಯನ್ನು ಮಾವನವರು ಮಾಡಿಕೊಟ್ಟರು. ಎರಡು ಪರೀಕ್ಷೆಗಳಲ್ಲಿಯೂ ಕೂಡದೆಯೇ ಪಾಸಾದ ನಮಗೆ ಇನ್ನು ಕಟ್ಟುವುದೇನೂ ಉಳಿದಿಲ್ಲವೆಂಬ ನೆಮ್ಮದಿಯಿತ್ತು. ಆದರೆ ಗಾದೆ ಮಾಡಿದವರು ಮೂರನೆಯ ಮಾತೊಂದನ್ನು ಮರೆತುಬಿಟ್ಟಿದ್ದಾರೆ: ‘ಹಿತ್ತಿಲಲ್ಲಿ ಒಲೆ ಹಾಕಿ ನೋಡು.’ ಆ ಮಾತನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಬರಹ.

ನಾವು ಪುಣೆಯವರು, ಎಂದರೆ ಗದಗಿನವರು. ತೀರ್ಥರೂಪರು ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ನೌಕರಿ ಹಿಡಿದು ಇಲ್ಲಿಗೆ ಬಂದವರು. ಆಗ ಊರಿನ ಅಂಚೆನಿಸಿದ್ದ ಕಡೆ ಸಹಕಾರಿ ಗೃಹನಿರ್ಮಾಣ ಸಂಘವೊಂದರಲ್ಲಿ ಚಿಕ್ಕ ನಿವೇಶನ ಪಡೆದು, ಸಾಲ ಮಾಡಿ, ಮೂರು ಕೋಣೆಗಳ ಮನೆ ಕಟ್ಟಿಸಿದರು. ಈಗ ಆ ಅಂಚು ಊರ ನಡುವೆ ಬಂದು ಕುಳಿತಿದೆ. ಮನೆಯ ಹಿಂದೆ ೧೧ ಅಡಿ ಅಗಲ, ೨೨ ಅಡಿ ಉದ್ದದ ಹಿತ್ತಿಲು. ಅದರಲ್ಲಿ ಒಂದು ಬೇವಿನ ಮರ, ಒಂದು ತುಳಸಿಯ ಕಟ್ಟೆ, ಒಂದು ಒಗೆಯುವ ಕಲ್ಲು. ಇನ್ನು ನಾವೋ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಹನ್ನೆರಡು ವರ್ಷಗಳಿಂದ ಪರರ ಅರ್ಜಿಗಳಿಗೆ ಆವಕ ಸಂಖ್ಯೆ ಹಾಕಿ, ‘ಕೆಳಗೆ ಕಾಣಿಸಿದ ಕೊರತೆಗಳನ್ನು ಪೂರೈಸಿ ಮತ್ತೆ ಸಲ್ಲಿಸತಕ್ಕದ್ದು’ ಎಂದು ಬರೆದು ಬರೆದು ಬೆರಳು ಸವೆಸಿದವರು. ಅಂಥವರು ಅರ್ಜಿಯಿಲ್ಲದೆ ಒಲೆ ಕಟ್ಟಹೊರಟೆವೆಂದರೆ ಕಲಿಗಾಲದ ಮಹಿಮೆಯೆನ್ನದೆ ಮತ್ತೇನೆನ್ನಬೇಕು?

ಒಲೆಯ ಹುಚ್ಚು ಮನೆಯೊಳಗೆ ಮೂರು ಬಾಗಿಲುಗಳಿಂದ ಬಂದಿತು. ನಮ್ಮ ಚಿರಂಜೀವಿಯು ಮೊಬೈಲಿನಲ್ಲಿ ಯಾರೋ ವಿದೇಶೀಯರು ತಮ್ಮ ಹಿತ್ತಿಲಲ್ಲಿ ಗುಮ್ಮಟದಂಥ ಒಲೆ ಕಟ್ಟಿ, ಕಟ್ಟಿಗೆಯ ಬೆಂಕಿಯಲ್ಲಿ ಪಿಜ್ಜಾ ಬೇಯಿಸುವುದನ್ನು ಕಂಡ. ಮನೆಯಾಕೆಗೆ ಅಂಗಡಿಯ ಮೆತ್ತನೆಯ ಬ್ರೆಡ್ಡಿನ ಮೇಲೆ ಮೊದಲಿನಿಂದಲೂ ಸಿಟ್ಟು. ಕರಮುರ ಎನ್ನುವ ಪಾವು ಮನೆಯಲ್ಲೇ ಆಗಬೇಕೆಂಬ ಆಸೆ. ನಮ್ಮ ತಾಯಿಯವರಿಗೆ ಎಪ್ಪತ್ತೊಂದು ವಯಸ್ಸು. ಅವರಿಗೆ ಒಲೆಯೆಂದರೆ ಗದಗಿನ ಮನೆಯ ಬಚ್ಚಲೊಲೆ: ತಾಮ್ರದ ಹಂಡೆ, ಕೆಳಗೆ ಹತ್ತಿಕಟಗಿಯ ಉರಿ, ದೀಪಾವಳಿಯ ನಸುಕಿನ ಎಣ್ಣೆನೀರು. ‘ಒಲಿ ಅಂದ್ರ ಒಲಿ, ಯಾವುದಾದ್ರ ಏನು, ಹಾಕು’ ಎಂದು ಅವರೂ ಮತ ಹಾಕಿದರು. ಮೂರು ಮತಗಳ ಬಹುಮತದ ಮುಂದೆ ಯಾವ ಗೃಹಸ್ಥನು ನಿಂತಾನು?

ನಾವು ಶಾಸ್ತ್ರೋಕ್ತವಾಗಿಯೇ ಆರಂಭಿಸಿದೆವು. ಪುಸ್ತಕ ತಿರುವಿ, ತಿಳಿದವರನ್ನು ಕೇಳಿ, ಚೌಕಳಿ ಕಾಗದದ ಮೇಲೆ ನಕ್ಷೆ ತೆಗೆದೆವು. ಒಳವ್ಯಾಸ ೩೦ ಅಂಗುಲ, ಗುಮ್ಮಟದ ಎತ್ತರ ೧೫ ಅಂಗುಲ. ಬಾಯಿಯ ಎತ್ತರವು ಗುಮ್ಮಟದ ಎತ್ತರಕ್ಕೆ ನೂರಕ್ಕೆ ೬೩ರಷ್ಟಿರಬೇಕೆಂದು ಬಲ್ಲವರ ಲೆಕ್ಕ. ಹಾಗಾಗಿ ಬಾಯಿ ಒಂಬತ್ತೂವರೆ ಅಂಗುಲ. ಇದಕ್ಕಿಂತ ಎತ್ತರವಾದರೆ ಕಾವು ಓಡಿಹೋಗುತ್ತದೆ. ತಗ್ಗಾದರೆ ಬೆಂಕಿ ಉಸಿರುಗಟ್ಟಿ ಹೊಗೆಯಾಡುತ್ತದೆ. ಇಂಥ ಒಲೆಯಲ್ಲಿ ಬೆಂಕಿಯ ಮೇಲೆ ಪಾತ್ರೆಯಿಡುವುದಿಲ್ಲ. ಒಳಗೇ ಒಂದೆರಡು ತಾಸು ಬೆಂಕಿ ಉರಿಸಬೇಕು. ಮೊದಲು ಗುಮ್ಮಟದ ಒಳಮೈಗೆಲ್ಲ ಮಸಿ ಹತ್ತುತ್ತದೆ. ಇಟ್ಟಿಗೆ ಚೆನ್ನಾಗಿ ಕಾದಾಗ ಆ ಮಸಿಯೇ ಉರಿದುಹೋಗಿ ಇಟ್ಟಿಗೆ ಮತ್ತೆ ತಿಳಿಯಾಗುತ್ತದೆ. ಆಗ ಕೆಂಡ ಎಳೆದು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹಿಟ್ಟಿನ ಉಂಡೆಗಳನ್ನಿಟ್ಟು ಬಾಗಿಲು ಮುಚ್ಚಬೇಕು. ರೊಟ್ಟಿ ಬೇಯುವುದು ಉರಿಯಿಂದಲ್ಲ, ಇಟ್ಟಿಗೆ ಕುಡಿದಿಟ್ಟುಕೊಂಡ ಕಾವಿನಿಂದ.

ಇಷ್ಟು ಕಾವು ಹಿಡಿಯಬೇಕಾದರೆ ಮೈಯೂ ಭಾರವಾಗಿರಬೇಕು. ಪೀಠ, ನೆಲ, ಗುಮ್ಮಟ, ಮೇಲಿನ ಮಣ್ಣಿನ ಹೊದಿಕೆ ಎಲ್ಲ ಸೇರಿ ಒಂದು ಟನ್ನಿಗೆ ಕಡಿಮೆಯಾಗದು. ಅದಕ್ಕೆ ತಳಪಾಯ ಬೇಕು. ಕಟ್ಟಿದ ಮೇಲೆ ಹಲವು ದಿನ ಸಣ್ಣ ಸಣ್ಣ ಉರಿಯಿಂದ ಒಣಗಿಸಬೇಕು. ಅವಸರ ಮಾಡಿದರೆ ಒಳಗಿನ ತೇವ ಉಗಿಯಾಗಿ ಗುಮ್ಮಟ ಬಿರಿಯುತ್ತದೆ. ಇವೆಲ್ಲವೂ ನಮ್ಮ ನಕ್ಷೆಯಲ್ಲಿದ್ದವು. ಒಂದೇ ಒಂದು ಸಂಗತಿ ಇರಲಿಲ್ಲ. ಒಲೆಗೆಂದು ಗುರುತು ಹಾಕಿದ ಮೂಲೆಯಿಂದ ಒಂಬತ್ತು ಅಡಿಯಲ್ಲಿ, ಕಂಪೌಂಡಿನ ಆಚೆ, ಪಕ್ಕದ ಮನೆಯ ಮಾಸ್ತರರ ಮಲಗುವ ಕೋಣೆಯ ಕಿಟಕಿಯಿತ್ತು.

ಮಾಸ್ತರರ ವಿಷಯ ಇಲ್ಲಿ ಎರಡು ಮಾತು ಹೇಳಬೇಕು. ಅವರು ಮರಾಠಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ತೀರ್ಥರೂಪರು ಮನೆ ಕಟ್ಟಿಸುವಾಗ ಅವರಿಗೆ ಮರಾಠಿ ಅರ್ಧಂಬರ್ಧ. ಆಗ ಗೌಂಡಿಯೊಂದಿಗೆ ಜಗಳವಾದರೂ ಮಾಸ್ತರರೇ ವಕೀಲರು, ಸಂಘದ ಕಾಗದ ಬಂದರೂ ಮಾಸ್ತರರೇ ವಾಚಕರು. ನಮ್ಮನ್ನು ತಮ್ಮ ಜಗಲಿಯ ಮೇಲೆ ಕೂಡಿಸಿಕೊಂಡು ಬಾಳಬೋಧ ಅಕ್ಷರ ತಿದ್ದಿಸಿದವರೂ ಅವರೇ. ಇಂದು ನಾವು ಕಚೇರಿಯಲ್ಲಿ ಬರೆಯುವ ಮರಾಠಿ ಟಿಪ್ಪಣಿಗೆ ಯಾರಾದರೂ ತಲೆದೂಗಿದರೆ ಅದರಲ್ಲಿ ಮುಕ್ಕಾಲು ಪಾಲು ಅವರದು. ಈಗ ಅವರಿಗೆ ಎಪ್ಪತ್ತೆಂಟು. ಐದಾರು ವರ್ಷಗಳಿಂದ ಉಬ್ಬಸ.

ಡಿಸೆಂಬರಿನ ಮೊದಲ ರವಿವಾರ ನಾವು ‘ಪಕ್ಕಾ ಕಟ್ಟುವ ಮೊದಲು ಒಮ್ಮೆ ಪರೀಕ್ಷೆ’ ಎಂದುಕೊಂಡು, ಸುಣ್ಣ ಸಿಮೆಂಟುಗಳಿಲ್ಲದೆ ಬರಿ ೧೨೦ ಇಟ್ಟಿಗೆಗಳನ್ನು ಜೋಡಿಸಿ ಒಂದು ಗೂಡು ಮಾಡಿದೆವು. ಕಟ್ಟಿಗೆಗೆ ಬೇವಿನ ಮರದಿಂದ ಹದಿನೈದು ದಿನಗಳ ಹಿಂದೆ ಬಿದ್ದ ಕೊಂಬೆ ಇದ್ದೇ ಇತ್ತು. ಉರಿಸುವ ಕಟ್ಟಿಗೆಯನ್ನು ಸೀಳಿ, ಗಾಳಿಯಾಡುವಂತೆ ಪೇರಿಸಿ, ಆರು ತಿಂಗಳಾದರೂ ಒಣಗಿಸಬೇಕು. ಅದರ ತೇವ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿಳಿಯಬೇಕು. ಇದನ್ನು ಓದಿದ್ದೆವು, ಆದರೆ ಆಸೆಗೆ ಓದು ಅಡ್ಡ ಬರುತ್ತದೆಯೇ? ಸಂಜೆ ಆರಕ್ಕೆ ಬೆಂಕಿಯಿಟ್ಟೆವು. ಚಳಿಗಾಲದ ಪುಣೆಯ ಸಂಜೆ. ಎಲೆ ಅಲುಗದ ಗಾಳಿ. ಹೊತ್ತು ಮುಳುಗುತ್ತಲೇ ನೆಲ ತಣ್ಣಗಾಗಿ, ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ನಿಂತು, ಊರಿನ ಮೇಲೆ ಮುಚ್ಚಳವಿಟ್ಟಂತಾಗುತ್ತದೆ. ನಮ್ಮ ಹಸಿ ಬೇವಿನ ಹೊಗೆ ಮೇಲೇರಲಿಲ್ಲ. ಕಂಪೌಂಡನ್ನು ಸವರಿಕೊಂಡು ಮೆಲ್ಲನೆ ಪಕ್ಕಕ್ಕೆ ಸರಿಯಿತು. ನಾವು ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಮಕ್ಕಳೊಂದಿಗೆ ಬೀಸಣಿಗೆ ಬೀಸುತ್ತಿದ್ದೆವು.

ರಾತ್ರಿ ಒಂಬತ್ತರ ಸುಮಾರಿಗೆ ಪಕ್ಕದ ಮನೆಯ ಮುಂದೆ ರಿಕ್ಷಾ ನಿಂತಿತು. ಮಾಸ್ತರರನ್ನು ಇಬ್ಬರು ಹಿಡಿದು ಕೂಡಿಸುತ್ತಿದ್ದರು. ಅವರ ಉಸಿರಿನ ಸಪ್ಪಳ ನಮ್ಮ ಗೇಟಿನವರೆಗೆ ಕೇಳಿಸುತ್ತಿತ್ತು.

ಆಸ್ಪತ್ರೆಯಲ್ಲಿ ಔಷಧವನ್ನು ಹಬೆಯಂತೆ ಮಾಡಿ ಮುಖವಾಡದಿಂದ ಕೊಟ್ಟರು. ಬೆಳಗಿನ ಹೊತ್ತಿಗೆ ಉಸಿರು ಹದಕ್ಕೆ ಬಂದಿತು. ಮಧ್ಯಾಹ್ನ ಮನೆಗೆ ಕಳಿಸಿದರು. ಯಾರೂ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಂಜೆ ತಲೆ ತಗ್ಗಿಸಿಕೊಂಡು ನೋಡಹೋದಾಗ ಮಾಸ್ತರರು ದಿಂಬಿಗೊರಗಿ ಕುಳಿತು, ‘ಪಾವು ಚೆನ್ನಾಗಿ ಬಂದವೇನೋ?’ ಎಂದು ಕೇಳಿದರು. ಹೊರಗೆ ಕರಿದು, ಒಳಗೆ ಹಸಿಯಾಗಿದ್ದ ಪಾವಿನ ವೃತ್ತಾಂತ ಹೇಳಲು ನಮಗೆ ಬಾಯಿ ಬರಲಿಲ್ಲ.

ವೈದ್ಯರು ವಿವರಿಸಿದ್ದು ಇಷ್ಟು. ಕಟ್ಟಿಗೆಯ ಹೊಗೆಯಲ್ಲಿ ೨.೫ ಮೈಕ್ರಾನಿಗಿಂತಲೂ ಸಣ್ಣ ಕಣಗಳಿರುತ್ತವೆ. ಎಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲು. ಮೂಗು, ಗಂಟಲು ಅವನ್ನು ತಡೆಯಲಾರವು. ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ. ನಮ್ಮ ದೇಶದ ೨೦೦೯ರ ಮಾನದಂಡದಂತೆ ಇಪ್ಪತ್ತನಾಲ್ಕು ತಾಸಿನ ಸರಾಸರಿಯಲ್ಲಿ ಒಂದು ಘನಮೀಟರು ಗಾಳಿಗೆ ಇಂಥ ಕಣಗಳು ೬೦ ಮೈಕ್ರೋಗ್ರಾಮಿಗಿಂತ ಹೆಚ್ಚಿರಬಾರದು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಹೇಳಿದ ಮಿತಿಯಾದರೋ ಕೇವಲ ೧೫. ಹೊಗೆಗೆ ನಮ್ಮದು, ನಿಮ್ಮದು ಎಂಬ ಕಂಪೌಂಡಿಲ್ಲ.

ಆ ತಿಂಗಳ ಕೊನೆಯಲ್ಲಿ ಗೋವೆಗೆ ಹೋಗುವುದು ಮೊದಲೇ ನಿಶ್ಚಯವಾಗಿತ್ತು. ರೈಲಿನ ಟಿಕೇಟುಗಳೂ ಆಗಿದ್ದವು. ಹೋಗುವ ಮನಸ್ಸು ಅಷ್ಟಾಗಿ ಇರಲಿಲ್ಲ. ಆದರೆ ತಾಯಿಯವರು, ‘ನಡೀರಿ, ಬ್ರೆಡ್ ಮಾಡೂ ಮಂದಿ ಹೆಂಗ ಒಲಿ ಹಾಕ್ಯಾರ ನೋಡಿಕೊಂಡು ಬರೂಣು’ ಎಂದರು. ಗೋವೆಯ ಪಾವಿನ ಭಟ್ಟಿಗಳ ಹೆಸರನ್ನು ಅವರೂ ಕೇಳಿದ್ದರು.

ಪುಣೆಯಿಂದ ಗೋವೆಗೆ ಹೋಗುವ ಗೋವಾ ಎಕ್ಸ್‌ಪ್ರೆಸ್ ನಮ್ಮಂಥವರಿಗೆ ಎರಡು ಯಾತ್ರೆಗಳ ಫಲ ಕೊಡುತ್ತದೆ. ಏಕೆಂದರೆ ಅದು ಮಿರಜ ದಾಟಿದ ಮೇಲೆ ಬೆಳಗಾವಿ, ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಕನ್ನಡನಾಡನ್ನು ಹಾದೇ ಕಡಲಿಗಿಳಿಯುತ್ತದೆ. ನಡುರಾತ್ರಿ ಬೆಳಗಾವಿ ನಿಲ್ದಾಣದಲ್ಲಿ ‘ಚಹಾ ಬೇಕೇನ್ರೀ, ಬಿಸಿ ಐತ್ರಿ’ ಎಂಬ ಕೂಗು ಕೇಳಿದೊಡನೆ ತಾಯಿಯವರು ಎದ್ದು ಕುಳಿತರು. ಚಹಾ ಅವರಿಗೆ ಆಗದು. ಆದರೂ ಒಂದು ಲೋಟ ತೆಗೆದುಕೊಂಡರು. ಕ್ಯಾಸಲ್‌ರಾಕ್ ದಾಟಿದ ಮೇಲೆ ಗಾಡಿ ಮೂವತ್ತೇಳಕ್ಕೆ ಒಂದರ ಇಳಿಜಾರಿನಲ್ಲಿ ಸುರಂಗಗಳನ್ನು ನುಂಗುತ್ತ ಘಟ್ಟ ಇಳಿಯಿತು. ದೂಧಸಾಗರದ ಹತ್ತಿರ ಕಿಟಕಿಗೆ ಮೂಗೊತ್ತಿ ಕುಳಿತ ಮಕ್ಕಳಿಗೆ ಕತ್ತಲಲ್ಲಿ ಕಂಡದ್ದು ತಮ್ಮ ಮೂಗೇ.

ಮಡಗಾಂವಿನಲ್ಲಿ ಇಳಿದು ಸಾಧಾರಣವಾದೊಂದು ವಸತಿಗೃಹದಲ್ಲಿ ಬಿಡಾರ ಮಾಡಿದೆವು. ಕ್ರಿಸ್ಮಸ್ಸಿನ ನಕ್ಷತ್ರದ ದೀಪಗಳು ಮನೆ ಮನೆಯ ಮುಂದೆ ತೂಗುತ್ತಿದ್ದವು. ಬೆಳಗಾಗುತ್ತಲೇ ಬೀದಿಯಲ್ಲಿ ‘ಪೊಂಯ್ ಪೊಂಯ್’ ಎಂಬ ರಬ್ಬರು ಹಾರ್ನಿನ ಸದ್ದು. ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ, ಅದರ ಮೇಲೆ ಹೊದಿಕೆ. ಇವನೇ ಗೋವೆಯ ‘ಪೊದೆರ್’. ಪೋರ್ತುಗೀಜರ ‘ಪಾದೇಯ್ರು’, ಎಂದರೆ ರೊಟ್ಟಿಗಾರ, ಕೊಂಕಣಿಯಲ್ಲಿ ಪೊದೆರ್ ಆದನು. ನಮ್ಮ ನಾಲಿಗೆಯ ಮೇಲಿನ ‘ಪಾವು’ ಕೂಡ ಅವರದೇ ಮಾತು.

ಪೋರ್ತುಗೀಜರು ೧೫೧೦ರಲ್ಲಿ ಗೋವೆಯನ್ನು ಹಿಡಿದರು. ೧೫೪೨ರಿಂದ ಜೆಸ್ವಿತ್ ಪಾದ್ರಿಗಳು ಬಂದರು. ಅವರಿಗೆ ಊಟಕ್ಕೂ ಪೂಜೆಗೂ ರೊಟ್ಟಿ ಬೇಕು. ಹಿಟ್ಟು ಉಬ್ಬಿಸುವ ಹುದುಗು ಇಲ್ಲಿ ಸಿಗಲಿಲ್ಲ. ತೆಂಗಿನ ಮರದಿಂದ ಇಳಿಸಿದ ಸೇಂದಿಯನ್ನೇ ಹಿಟ್ಟಿಗೆ ಬೆರೆಸಿ ಉಬ್ಬಿಸಿದರು. ಈ ವಿದ್ಯೆಯನ್ನು ಅವರು ಮೊದಲು ಕಲಿಸಿದ್ದು ಸಾಷ್ಟಿ ತಾಲೂಕಿನ ಮಜೋರ್ಡಾ ಎಂಬ ಹಳ್ಳಿಯವರಿಗೆ ಎಂಬ ಪ್ರತೀತಿಯುಂಟು. ಮಡಗಾಂವಿನಿಂದ ಮಜೋರ್ಡಾ ದೂರವಿಲ್ಲ. ಹಿಂದಿನ ದಿನವೇ ಆ ಕಡೆಯ ಒಂದು ಭಟ್ಟಿಯ ಯಜಮಾನಿಯನ್ನು ಕಂಡು, ‘ನೋಡಬಹುದೇ?’ ಎಂದು ಕೇಳಿಕೊಂಡಿದ್ದೆವು. ಆ ವೃದ್ಧೆ ನಕ್ಕು, ‘ನೋಡುವುದಕ್ಕೆ ದುಡ್ಡಿಲ್ಲ, ಆದರೆ ಕೋಳಿ ಕೂಗುವ ಮೊದಲೇ ಬರಬೇಕು’ ಎಂದರು.

ಮರುದಿನ ನಸುಕಿನಲ್ಲಿ ರಿಕ್ಷಾ ಹಿಡಿದು ಹೋದೆವು. ಗದ್ದೆಯ ಅಂಚಿಗೆ ಹಂಚಿನ ಮನೆ. ಅದರ ಹಿಂಭಾಗದಲ್ಲಿ ಜಂಬಿಟ್ಟಿಗೆಯ ದಪ್ಪ ಗೋಡೆಯ ಭಟ್ಟಿ. ಹೊರಗಿನಿಂದ ತಗ್ಗಾದ ಕೋಣೆಯಂತಿದೆ. ಒಳಗೆ ಬಾಗಿ ನೋಡಿದರೆ ಮಗುಚಿಟ್ಟ ಬೋಗುಣಿಯಂಥ ಚಾವಣಿ. ಒಂದು ಸಣ್ಣ ಬಾಯಿ. ಒಳಗೆ ಹತ್ತು ಮಂದಿ ಕುಳಿತುಕೊಳ್ಳುವಷ್ಟು ವಿಸ್ತಾರ. ನಮ್ಮ ೩೦ ಅಂಗುಲದ ಗೂಡು ನೆನಪಾಗಿ ನಾಚಿಕೆಯಾಯಿತು.

ನಾವು ಮುರುಕು ಹಿಂದಿಯಲ್ಲಿ ಪ್ರಶ್ನೆ ಕೇಳತೊಡಗಿದಾಗ, ಉದ್ದನೆಯ ಮರದ ಸಲಿಕೆ ಹಿಡಿದಿದ್ದ ನಡುವಯಸ್ಸಿನ ಆಳು ಮಕ್ಕಳ ಕಡೆ ತಿರುಗಿ, ‘ತಂಗಿ, ಸ್ವಲ್ಪ ದೂರ ನಿಲ್ಲವಾ, ಕಾವು ಬಡೀತೈತಿ’ ಎಂದನು. ನಾವು ದಂಗಾದೆವು. ಅವನು ಸವದತ್ತಿಯ ಕಡೆಯವನು. ಹಿಟ್ಟು ಕಲಸುತ್ತಿದ್ದ ಇನ್ನೊಬ್ಬ ಬೈಲಹೊಂಗಲದವನು. ಗೋವೆಯ ಎಷ್ಟೋ ಭಟ್ಟಿಗಳಲ್ಲಿ ಹಳೆಯ ಮನೆತನದ ಮಕ್ಕಳು ಬೇರೆ ಉದ್ಯೋಗ ಹಿಡಿದು, ನಮ್ಮ ಕಡೆಯವರೇ ಬಂದು ಬೆಂಕಿಯ ಮುಂದೆ ನಿಂತಿದ್ದಾರೆ. ಕೆಲವರು ಭಟ್ಟಿಯನ್ನೇ ಬಾಡಿಗೆಗೆ ಹಿಡಿದಿದ್ದಾರಂತೆ. ನಾನೂರು ವರ್ಷಗಳಾಚೆ ಪೋರ್ತುಗಾಲದಿಂದ ಬಂದ ವಿದ್ಯೆ ಇಂದು ಮಲಪ್ರಭೆಯ ದಂಡೆಯವರ ಕೈಯಲ್ಲಿ ಉಳಿದಿದೆ!

ತಾಯಿಯವರಿಗೆ ಆನಂದವಾಯಿತು. ಅವರೇ ಸಂದರ್ಶನ ಆರಂಭಿಸಿದರು. ನೆಲದ ಕಲ್ಲಿನಡಿ ಏನು ಹಾಕಿದ್ದೀರಿ ಎಂದರೆ, ‘ಮರಳು, ಉಪ್ಪು, ಗಾಜಿನ ಚೂರು. ಕಾವು ಹಿಡೀತೈತ್ರಿ’ ಎಂದನು. ಬೆಂಕಿಯನ್ನು ನಡುರಾತ್ರಿಯೇ ಹಾಕಿ, ಕೆಂಡವನ್ನು ಎಳೆದು, ಒದ್ದೆ ಗೋಣಿಯಿಂದ ನೆಲ ಸಾರಿಸಿ ಆಗಿತ್ತು. ಒಂದು ಚಿಟಿಕೆ ಹಿಟ್ಟನ್ನು ಒಳಗೆ ಎಸೆದನು. ಅದು ಕೂಡಲೆ ಕರಿದಾದರೆ ಭಟ್ಟಿಗೆ ಇನ್ನೂ ಸಿಟ್ಟಿದೆಯೆಂದರ್ಥ. ಮೆಲ್ಲಗೆ ಕೆಂಪಾದರೆ ಹದ. ಹಿಟ್ಟು ಕೆಂಪಾಯಿತು. ಸಲಿಕೆ ಸರಸರನೆ ಒಳಗೆ ಹೊರಗೆ ಆಡಿತು. ಮೇಲೆ ಸೀಳು ಕೊಟ್ಟ ದುಂಡನೆಯ ‘ಉಂಡೊ’, ತೌಡಿನ ಹಿಟ್ಟಿನ ಟೊಳ್ಳಾದ ‘ಪೊಯಿ’, ಪಾತರಗಿತ್ತಿಯಂತೆ ಕತ್ತರಿಸಿದ ‘ಕಾತ್ರೊ’, ಕೊನೆಗೆ ಬಳೆಯ ಆಕಾರದ ಗಟ್ಟಿ ‘ಕಾಂಕೊಣ್’. ‘ಅಯ್ಯ, ಇದು ನಮ್ಮ ಕಂಕಣ!’ ಎಂದು ತಾಯಿಯವರು ಅದನ್ನು ಮೊಮ್ಮಗಳ ಕೈಗೆ ತೊಡಿಸಿಯೇಬಿಟ್ಟರು. ಬಿಸಿ ಉಂಡೊ ಮುರಿದಾಗ ಎದ್ದ ಆ ಘಮಲನ್ನು ವರ್ಣಿಸುವ ಶಕ್ತಿ ಗುಮಾಸ್ತನ ಲೇಖನಿಗಿಲ್ಲ.

ಆಮೇಲೆ ನಾವು ಬಂದ ಮುಖ್ಯ ಪ್ರಶ್ನೆಯನ್ನು ಕೇಳಿದೆವು: ‘ಹೊಗೆಯನ್ನು ಏನು ಮಾಡುತ್ತೀರಿ?’

ಅವನು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಿ ಹೊಗೆಗೂಡು ತೋರಿಸಿದನು. ತೆಳ್ಳಗೆ ಬೂದಿಬಣ್ಣದ ಹೊಗೆ ಗದ್ದೆಯ ಮೇಲೆ ಹಾದು ಪಡುವಣಕ್ಕೆ ಹೋಗುತ್ತಿತ್ತು. ರಾತ್ರಿಯೆಲ್ಲ ನೆಲವು ಕಡಲಿಗಿಂತ ಬೇಗ ತಣಿಯುವುದರಿಂದ ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ. ಭಟ್ಟಿ ಉರಿಯುವ ಹೊತ್ತೂ ಅದೇ. ‘ಹಿಂದಿನವ್ರು ಗಾಳಿ ನೋಡಿ ಜಾಗಾ ಹಿಡದಾರ್ರಿ’ ಎಂದನು. ‘ಒಣಾ ಕಟಗಿ ಇದ್ರ ಹೊಗಿ ಹಚ್ಚೂ ಮುಂದ ಅಷ್ಟ. ಆದ್ರ ಈಗ ನೋಡ್ರಿ…’ ಎಂದು ಗದ್ದೆಯ ಆಚೆ ಬೆರಳು ಮಾಡಿದನು. ಅಲ್ಲಿ ಹೊಸ ಬಂಗಲೆಗಳ ಸಾಲೊಂದು ಏಳುತ್ತಿತ್ತು. ‘ಅವ್ರು ಕಿಡಕಿ ಹಾಕ್ಕೊಂಡ ಮಲಗ್ತಾರ. ಅವರದೂ ತಪ್ಪಲ್ಲ, ನಮ್ಮದೂ ತಪ್ಪಲ್ಲ.’ ಹೀಗೆ ಹೇಳುತ್ತ ಅವನು ಕೆಮ್ಮಿದನು. ಸಣ್ಣ ಕೆಮ್ಮಲ್ಲ. ಸಲಿಕೆಯನ್ನು ಗೋಡೆಗಾನಿಸಿ, ಬಗ್ಗಿ, ಬಹಳ ಹೊತ್ತು ಕೆಮ್ಮಿದನು. ‘ಇಪ್ಪತ್ತು ವರ್ಷದ್ದರಿ ಇದು’ ಎಂದು ನಕ್ಕು, ಮಕ್ಕಳ ಕೈಯಲ್ಲಿ ಎರಡು ಉಂಡೊ ಇಟ್ಟು ಒಳಗೆ ಹೋದನು.

ಮರುಪ್ರಯಾಣ ಹಗಲಿನ ಗಾಡಿ. ಈ ಸಲ ದೂಧಸಾಗರ ಕಣ್ಣಿಗೆ ಬಿತ್ತು. ೩೧೦ ಮೀಟರು ಎತ್ತರದಿಂದ ಬೀಳುವ ನೀರು ಡಿಸೆಂಬರಿನಲ್ಲಿ ತೆಳುವಾಗಿದ್ದರೂ ಹೆಸರಿಗೆ ತಕ್ಕಂತೆ ಹಾಲಿನ ಹಾಗೆಯೇ ಇತ್ತು. ಮಕ್ಕಳು ಕುಣಿದರು. ತಾಯಿಯವರು ಮಾತ್ರ ಸುಮ್ಮನಿದ್ದರು. ಗಾಡಿ ಘಟ್ಟ ಹತ್ತಿ ಕ್ಯಾಸಲ್‌ರಾಕ್ ಸೇರುವಾಗ ತಾವಾಗಿಯೇ ಮಾತು ತೆಗೆದರು.

‘ಗದಗಿನ ಒಲಿ ಒಲಿ ಅಂತೀನಿ. ಆ ಒಲಿ ಮುಂದ ನಮ್ಮವ್ವ ಊದುಗೊಳವಿ ಹಿಡಕೊಂಡು ಊದಿ ಊದಿ ಹೆಂಗ ಕೆಮ್ಮತಿದ್ಲು ಅನ್ನೂದು ಮರತಬಿಟ್ಟಿದ್ದೆ. ಆ ಹುಡುಗ ಕೆಮ್ಮಿದಾಗ ನೆನಪಾತು.’

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದರು: ‘ಹೊಟ್ಟಿಪಾಡಿಗೆ ತಾ ಕುಡಿಯೂ ಹೊಗಿ ಬ್ಯಾರೆ, ಹೌಸಿಗೆ ಮಂದಿಗೆ ಕುಡಸೂ ಹೊಗಿ ಬ್ಯಾರೆ.’

ಇದರ ಮೇಲೆ ನಾವು ಏನನ್ನು ಹೇಳುವುದು?

ಆದರೂ ಗುಮಾಸ್ತನ ಬುದ್ಧಿ. ಕಡತ ಮುಚ್ಚುವ ಮೊದಲು ಪೂರ್ಣ ಮಾಡಬೇಕು. ಪುಣೆಗೆ ಬಂದ ಮೇಲೆ ಅರ್ಧ ದಿನದ ರಜೆ ಹಾಕಿ, ನಕ್ಷೆಯನ್ನು ಸುತ್ತಿಕೊಂಡು, ಕಟ್ಟಡ ಪರವಾನಗಿಯ ಕಚೇರಿಗೆ ಹೋದೆವು. ಮೇಜಿನ ಆಚೆ ಕೂಡುವವರಿಗೆ ಈಚೆ ನಿಲ್ಲುವುದು ಒಳ್ಳೆಯ ವಿದ್ಯಾಭ್ಯಾಸ. ಅಲ್ಲಿಯ ಅಧಿಕಾರಿಗಳು ತಾಳ್ಮೆಯವರು. ನಗದೆ ನಕ್ಷೆ ನೋಡಿದರು. ಅದೇ ಒಂದು ಉಪಕಾರ. ಅವರು ತಿಳಿಸಿದ್ದರ ಸಾರ ಹೀಗಿದೆ: ಎತ್ತಿ ಒಯ್ಯಬಹುದಾದ ಒಲೆಯ ಮಾತು ಬೇರೆ. ತಳಪಾಯ ತೋಡಿ, ಗೋಡೆ ಏರಿಸಿ, ಮೇಲೆ ತಗಡಿನ ಮಾಡು ಇಳಿಸಿದರೆ ಅದು ಕಟ್ಟಡದ ಕೆಲಸ. ೧೯೬೬ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯ ೪೪ನೆಯ ಕಲಮಿನಂತೆ ಮೊದಲು ಅರ್ಜಿ. ಇಲ್ಲದೆ ಕಟ್ಟಿದರೆ ೫೩ನೆಯ ಕಲಮಿನಂತೆ ತೆಗೆಯುವ ನೋಟೀಸು. ೨೦೨೦ರಲ್ಲಿ ಬಂದ ಏಕೀಕೃತ ನಿಯಮಾವಳಿಯಂತೆ ಮನೆಯ ಸುತ್ತ ಬಿಡಬೇಕಾದ ತೆರವು ಜಾಗವೂ ಇದೆ. ನಮ್ಮ ಹಿತ್ತಿಲೆಂಬುದು ಬಹುಮಟ್ಟಿಗೆ ಆ ತೆರವು ಜಾಗವೇ. ಬೆಂಕಿ ಬಿದ್ದಾಗ, ಆಪತ್ತು ಬಂದಾಗ ಮನುಷ್ಯರು ಓಡಾಡುವುದಕ್ಕೂ, ಎರಡು ಮನೆಗಳ ನಡುವೆ ಗಾಳಿ ಆಡುವುದಕ್ಕೂ ಅದನ್ನು ಬಿಡಿಸಿರುತ್ತಾರೆ. ತೀರ್ಥರೂಪರು ಬಿಟ್ಟುಹೋದ ಆ ಹನ್ನೊಂದು ಅಡಿ ನಮ್ಮ ಆಸೆಗಾಗಿ ಬಿಟ್ಟದ್ದಲ್ಲ, ಮಾಸ್ತರರ ಗಾಳಿಗಾಗಿ ಬಿಟ್ಟದ್ದು ಎಂಬುದು ಆ ಮೇಜಿನ ಮುಂದೆ ನಮಗೆ ಹೊಳೆಯಿತು.

ಅಧಿಕಾರಿಗಳು ಕೊನೆಗೆ ಒಂದು ಪ್ರಶ್ನೆ ಕೇಳಿದರು: ‘ಪಕ್ಕದ ಮನೆಯವರನ್ನು ಕೇಳಿದ್ದೀರಾ?’ ನಾವು ಕೇಳಿರಲಿಲ್ಲ. ಕೇಳಿದ್ದರೆ ಮಾಸ್ತರರು ಖಂಡಿತ ‘ಆಗಲಿ’ ಎನ್ನುತ್ತಿದ್ದರು. ಅದಕ್ಕೇ ಕೇಳಬಾರದೆಂದು ನಿಶ್ಚಯಿಸಿದೆವು. ‘ಇಲ್ಲ’ ಎನ್ನಲಾರದವರ ಸಮ್ಮತಿಯನ್ನು ಕಡತಕ್ಕೆ ಸೇರಿಸುವುದು ನ್ಯಾಯವಲ್ಲ.

ಅರ್ಜಿ ಕೊಡದೆ ಮನೆಗೆ ಬಂದೆವು. ಚಿರಂಜೀವಿ ಎರಡು ದಿನ ಮಾತು ಬಿಟ್ಟ. ಮನೆಯಾಕೆ ಸಣ್ಣದೊಂದು ವಿದ್ಯುತ್ ಒಲೆ ತರಿಸಿದಳು. ಅದರಲ್ಲಿ ಪಾವು ಆಗುತ್ತದೆ. ಮಜೋರ್ಡಾದ ಪಾವು ಆಗುವುದಿಲ್ಲ. ಸುಳ್ಳು ಹೇಳುವುದೇಕೆ?

ನಮ್ಮ ಸಂಘದ ವಾಚಕರು ಊರೂರುಗಳಲ್ಲಿದ್ದಾರೆ. ಕೆಲವರಿಗಾದರೂ ಸ್ವಂತ ಹಿತ್ತಿಲೂ, ನಮ್ಮಂಥ ಆಸೆಯೂ ಇರಬಹುದು. ಅವರಿಗಾಗಿ ಅನುಭವದ ನಾಲ್ಕು ಮಾತು. ಮೊದಲು ನಿಮ್ಮ ಊರಿನ ನಿಯಮ ಕೇಳಿರಿ. ಚೆನ್ನೈಯವರಿಗೆ ತಮಿಳುನಾಡಿನ ೨೦೧೯ರ ಕಟ್ಟಡ ನಿಯಮಗಳಿವೆ; ಹೈದರಾಬಾದಿನವರಿಗೆ ತೆಲಂಗಾಣದ ೨೦೨೦ರ ಪರವಾನಗಿ ಕಾಯಿದೆಯಿದೆ. ದೆಹಲಿಯಲ್ಲಿ ಚಳಿಗಾಲದ ಗಾಳಿ ಕೆಟ್ಟಾಗ ಹೋಟೆಲುಗಳ ತಂದೂರಿಗೇ ಕಟ್ಟಿಗೆ, ಕಲ್ಲಿದ್ದಲುಗಳನ್ನು ತಡೆಯುತ್ತಾರೆ. ಮುಂಬಯಿಯಲ್ಲಂತೂ ೨೦೨೫ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಕಟ್ಟಿಗೆ, ಕಲ್ಲಿದ್ದಲಿನ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿಗೋ ಬೇರೆ ಶುದ್ಧ ಇಂಧನಕ್ಕೋ ಬದಲಾಗಬೇಕೆಂದು ಆಜ್ಞಾಪಿಸಿತು. ತಲೆಮಾರುಗಳಿಂದ ಪಾವು ಸುಟ್ಟವರಿಗೇ ಹೀಗಾದರೆ ನಮ್ಮ ರವಿವಾರದ ಹೌಸಿನ ಪಾಡೇನು? ಎರಡನೆಯದಾಗಿ, ಒಲೆಯ ನಕ್ಷೆ ತೆಗೆಯುವಾಗ ಸುತ್ತಲಿನ ಮನೆಗಳ ಕಿಟಕಿಗಳನ್ನೂ, ಮೇಲಿನ ವಿದ್ಯುತ್ ತಂತಿಯನ್ನೂ, ನೆಲದಡಿಯ ಕೊಳವೆಯನ್ನೂ, ಮರಗಳನ್ನೂ ಅದರಲ್ಲಿ ಗುರುತಿಸಿರಿ. ಮರ ಕಡಿಯುವ ಯೋಚನೆಯಿದ್ದರೆ, ಮಹಾರಾಷ್ಟ್ರದ ನಗರಗಳಲ್ಲಿ ಅದಕ್ಕೂ ೧೯೭೫ರಿಂದ ಬೇರೆ ಕಾಯಿದೆಯುಂಟು. ಮೂರನೆಯದಾಗಿ, ಒಂದು ವಾರ ಸಂಜೆ ಅದೇ ಜಾಗದಲ್ಲಿ ಊದಿನಕಡ್ಡಿ ಹಚ್ಚಿ, ಹೊಗೆ ಯಾವ ಕಡೆ ಹೋಗುತ್ತದೆಂದು ನೋಡಿರಿ. ಒಂದು ಊದಿನಕಡ್ಡಿ ಕಲಿಸಬಹುದಾಗಿದ್ದ ಪಾಠವನ್ನು ನಾವು ಒಬ್ಬ ಹ್ಯಾದ ಹಿರಿಯರ ಉಸಿರಿನಿಂದ ಕಲಿತೆವು. ನಾಲ್ಕನೆಯದಾಗಿ, ಕೇಳುವುದಾದರೆ ನೆರೆಯವರನ್ನು ಎಲ್ಲರಿಗಿಂತ ಮೊದಲು ಕೇಳಿರಿ, ‘ಬೇಡ’ ಎನ್ನಲು ಅವರಿಗೆ ಸುಲಭವಾಗುವಂತೆ ಕೇಳಿರಿ.

ಇನ್ನು ಆ ೧೨೦ ಇಟ್ಟಿಗೆಗಳು. ಹಲವು ದಿನ ಅವು ಬೇವಿನ ಬುಡದಲ್ಲಿ ನಮ್ಮನ್ನು ನೋಡುತ್ತ ಬಿದ್ದಿದ್ದವು. ಸಂಕ್ರಾಂತಿಯ ಹೊತ್ತಿಗೆ ಅವನ್ನು ಕಂಪೌಂಡಿನ ಪಕ್ಕದಲ್ಲಿ ಮೊಣಕಾಲೆತ್ತರಕ್ಕೆ ಜೋಡಿಸಿ, ಮೇಲೊಂದು ಶಹಾಬಾದಿ ಕಲ್ಲು ಹಾಸಿ, ಕೂಡುವ ಕಟ್ಟೆ ಮಾಡಿದೆವು. ಇದಕ್ಕೂ ಅರ್ಜಿ ಬೇಕೇ ಎಂದು ಆ ಅಧಿಕಾರಿಗಳನ್ನು ಕೇಳಿಯೇ ಮಾಡಿದೆವು. ಈ ಸಲ ಅವರು ನಕ್ಕುಬಿಟ್ಟರು.

ಸಂಜೆ ಬಿಸಿಲು ಇಳಿಯುವ ಮುಂದೆ ಮಾಸ್ತರರು ಕೋಲೂರಿಕೊಂಡು ಬಂದು ಅಲ್ಲಿ ಕೂಡುತ್ತಾರೆ. ತಾಯಿಯವರು ಗದಗಿನ ಕನ್ನಡದಲ್ಲಿ ಮಾತಾಡುತ್ತಾರೆ, ಮಾಸ್ತರರು ಪುಣೆಯ ಮರಾಠಿಯಲ್ಲಿ ಉತ್ತರ ಕೊಡುತ್ತಾರೆ. ಇಬ್ಬರಿಗೂ ಎಲ್ಲವೂ ತಿಳಿಯುತ್ತದೆ. ಮೊನ್ನೆ ಮನೆಯಾಕೆ ವಿದ್ಯುತ್ ಒಲೆಯ ಪಾವನ್ನು ತಟ್ಟೆಯಲ್ಲಿಟ್ಟು ಕೊಟ್ಟಳು. ಮಾಸ್ತರರು ಚಹದಲ್ಲಿ ಅದ್ದಿ ತಿಂದು, ಬಹಳ ಹೊತ್ತು ವಿಚಾರ ಮಾಡಿ, ‘ಉಪ್ಪು ಸ್ವಲ್ಪ ಕಡಿಮೆ’ ಎಂದರು.